ಮಿನಿ ಸ್ಯಾಕ್ಸೋಫೋನ್ ಊದಿ ನೋಡುವವರಿಗೆ: ಪಾರ್ಸೆಲ್ ಬಿಚ್ಚುವುದರಿಂದ ಮೋಹನ ರಾಗದ ತನಕ

ಕಾಸರಗೋಡು ಕಡೆಯವರಿಗೆ ಸ್ಯಾಕ್ಸೋಫೋನ್ ಹೊಸತೇನಲ್ಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ದೇವಸ್ಥಾನದ ಉತ್ಸವ ಇರಲಿ, ನೇಮ ಇರಲಿ, ಮದುವೆ ದಿಬ್ಬಣ ಇರಲಿ, ಡೋಲಿನ ಜೊತೆ ಅದರ ದನಿ ಕೇಳಿಯೇ ಕೇಳುತ್ತದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಮಾಡಿಸಿದ ವಾದ್ಯ ಇದು, ಮಿಲಿಟರಿ ಬ್ಯಾಂಡಿನದ್ದು. ಅದನ್ನು ನಮ್ಮ ಕಡೆಯದ್ದೇ ಅನ್ನುವ ಹಾಗೆ ಮಾಡಿದವರಲ್ಲಿ ಮೊದಲ ಹೆಸರು ಕದ್ರಿ ಗೋಪಾಲನಾಥರದ್ದು. ಬಂಟ್ವಾಳ ತಾಲೂಕಿನ ಸಜಿಪದ ನಾಗಸ್ವರ ಮನೆತನದಲ್ಲಿ ಹುಟ್ಟಿ, ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ತನಕ ಹೋದವರು ಅವರು. ಅಂಥ ದನಿ ಕೇಳಿ ಬೆಳೆದ ಮಕ್ಕಳಿಗೆ, ದೊಡ್ಡವರಿಗೂ, ಒಮ್ಮೆ ಊದಿ ನೋಡಬೇಕು ಅನ್ನಿಸುವುದು ಸಹಜ ಅಲ್ವಾ? ಆದರೆ ನಿಜವಾದ ಆಲ್ಟೊ ಸ್ಯಾಕ್ಸೋಫೋನಿಗೆ ಹತ್ತಾರು ಸಾವಿರ ಬೇಕು. ಬರುತ್ತದೋ ಇಲ್ಲವೋ ಗೊತ್ತಿಲ್ಲದ ವಿದ್ಯೆಗೆ ಅಷ್ಟು ದುಡ್ಡು ಹಾಕಲು ಯಾರಿಗಾದರೂ ಹೆದರಿಕೆಯಾಗುತ್ತದೆ.

ಇಲ್ಲಿ ಉಪಯೋಗಕ್ಕೆ ಬರುವುದು ಆನ್‌ಲೈನಿನಲ್ಲಿ ಮಿನಿ ಸ್ಯಾಕ್ಸೋಫೋನ್, ಪಾಕೆಟ್ ಸ್ಯಾಕ್ಸ್ ಅಂತ ಮಾರುವ ಪ್ಲಾಸ್ಟಿಕ್ ವಾದ್ಯ. ಸುಮಾರು ಒಂದು ಅಡಿ ಉದ್ದ. ಕೀ ಇಲ್ಲ, ಕೊಳಲಿನ ಹಾಗೆ ರಂಧ್ರಗಳು. ಊದುವ ಕಡೆ ಮಾತ್ರ ಸ್ಯಾಕ್ಸಿನ ಹಾಗೆ ಬಾಯಿತುಂಡು, ಅದಕ್ಕೆ ಕಟ್ಟಿದ ರೀಡ್, ಅಂದರೆ ಊದಿದಾಗ ಅದುರಿ ದನಿ ಕೊಡುವ ತೆಳು ಸೀಳು. ನಾನು ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, ಆದರೆ ಒಂದು ಷರತ್ತು ಇದೆ. ಇದನ್ನು ಆಟಿಕೆ ಅಂತಲೂ ತಿಳಿಯಬೇಡಿ, ದೊಡ್ಡ ಸ್ಯಾಕ್ಸಿನ ಬದಲಿ ಅಂತಲೂ ತಿಳಿಯಬೇಡಿ. ನಿಮ್ಮ ತುಟಿ, ಉಸಿರು, ನಾಲಿಗೆ ರೀಡಿಗೆ ಒಗ್ಗುತ್ತವೆಯೇ ಅಂತ ಕಡಿಮೆ ಖರ್ಚಿನಲ್ಲಿ ನೋಡಿಕೊಳ್ಳುವ ದಾರಿ ಇದು. ಆ ದೃಷ್ಟಿಯಿಂದ ಕೊಂಡರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಇದು ಸ್ಯಾಕ್ಸೋಫೋನೇ ಹೌದಾ?

ಪೂರ್ತಿ ಅಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಮುಂದೆ ಗೊಂದಲ ಆಗುವುದಿಲ್ಲ. ದೊಡ್ಡ ಸ್ಯಾಕ್ಸಿನ ಕೊಳವೆ ಬಾಯಿತುಂಡಿನ ಕಡೆಯಿಂದ ಅರಳಿದ ಕೆಳತುದಿಯ ತನಕ ಅಗಲವಾಗುತ್ತಾ ಹೋಗುತ್ತದೆ. ಮಿನಿ ಸ್ಯಾಕ್ಸಿನ ಕೊಳವೆ ಒಂದೇ ಅಗಲದ್ದು. ಕೆಲವದರ ತುದಿ ಸ್ಯಾಕ್ಸಿನ ಹಾಗೆ ಬಾಗಿರುತ್ತದೆ, ಅದು ಹೆಚ್ಚಾಗಿ ಚಂದಕ್ಕೆ. ಕೊಳವೆಯ ಆಕಾರದಿಂದ ಎರಡು ವ್ಯತ್ಯಾಸ ಬರುತ್ತದೆ.

ಒಂದು, ಗಾತ್ರಕ್ಕೆ ಮೀರಿದ ತಗ್ಗಿನ ದನಿ. ಒಂದು ಅಡಿಯ ಕೊಳಲು ಊದಿದರೆ ಕೀಚಲು ಸ್ವರ ಬರುತ್ತದೆ, ಅಷ್ಟೇ ಉದ್ದದ ಇದರಲ್ಲಿ ಅದಕ್ಕಿಂತ ಸುಮಾರು ಒಂದು ಸ್ಥಾಯಿ ಕೆಳಗಿನ ಸ್ವರ ಬರುತ್ತದೆ. ರೀಡ್ ಇರುವ ತುದಿ ಮುಚ್ಚಿದ ತುದಿಯ ಹಾಗೆ ಕೆಲಸ ಮಾಡುವುದರಿಂದ ಹೀಗೆ. ಎರಡು, ಮೇಲಿನ ಸ್ವರಗಳ ವಿಷಯ. ದೊಡ್ಡ ಸ್ಯಾಕ್ಸಿನಲ್ಲಿ ಅದೇ ಬೆರಳು ಇಟ್ಟು ಆಕ್ಟೇವ್ ಕೀ ಒತ್ತಿದರೆ ಸ ಇದ್ದದ್ದು ಮೇಲಿನ ಸ ಆಗುತ್ತದೆ. ಇದರಲ್ಲಿ ಅದೇ ಬೆರಳಿಗೆ ದನಿ ಮೇಲಕ್ಕೆ ಹಾರಿದರೆ ಸ ನೇರ ಮೇಲಿನ ಸ್ಥಾಯಿಯ ಪಂಚಮಕ್ಕೆ ಹಾರುತ್ತದೆ, ಕ್ಲಾರಿನೆಟ್ಟಿನ ಹಾಗೆ. ಹಾಗಾಗಿ ಕಡಿಮೆ ಬೆಲೆಯದ್ದರಲ್ಲಿ ಸುಲಭಕ್ಕೆ ಸಿಗುವುದು ಒಂದು ಸ್ಥಾಯಿ, ಮೇಲೆ ಒಂದೆರಡು ಸ್ವರ. ಶುರುವಿಗೆ ಅಷ್ಟು ಸಾಕು, ನಿಜಕ್ಕೂ ಸಾಕು.

ಈ ಜಾತಿಯ ವಾದ್ಯ ಹೆಸರಾದದ್ದು ಹವಾಯಿ ದ್ವೀಪದಲ್ಲಿ. ಬ್ರಯನ್ ವಿಟ್ಮನ್ ಎಂಬವರು 1970ರ ದಶಕದಲ್ಲಿ ಅಲ್ಲಿ ಬಿದಿರಿನಿಂದ ಇಂಥದ್ದೊಂದು ಮಾಡಿ ಝಾಫೂನ್ ಅಂತ ಕರೆದರು. ಪ್ಲಾಸ್ಟಿಕ್ಕಿನದ್ದು ಆಮೇಲೆ ಬಂತು. ಈಗ ಅಗ್ಗಕ್ಕೆ ಸಿಗುವ ಹೆಚ್ಚಿನವು ಅದೇ ದಾರಿಯವು.

ಕೊಳ್ಳುವಾಗ

ನಾಲ್ಕು ವಿಷಯ ಓದಿ ನೋಡಿ. ಮೊದಲು ಶ್ರುತಿ: ಸಿ ಅಂತ ಬರೆದದ್ದನ್ನೇ ಕೊಳ್ಳಿ. ಹಾರ್ಮೋನಿಯಂ ಲೆಕ್ಕದಲ್ಲಿ ಅದು ಬಿಳಿ ಒಂದು. ಬೇರೆ ಶ್ರುತಿಯವೂ ಸಿಗುತ್ತವೆ, ಆದರೆ ಸಿ ಆದರೆ ಶ್ರುತಿಪೆಟ್ಟಿಗೆ, ಹಾರ್ಮೋನಿಯಂ, ಕೀಬೋರ್ಡ್ ಯಾವುದರ ಜೊತೆಗೂ ತಲೆಬಿಸಿ ಇಲ್ಲದೆ ಹೊಂದಿಸಬಹುದು. ಎರಡನೆಯದು ರೀಡ್. ಯಾವ ಅಳತೆಯ ರೀಡ್ ಹಿಡಿಯುತ್ತದೆ ಅಂತ ಬರೆದಿರಲೇಬೇಕು. ಆಲ್ಟೊ ಸ್ಯಾಕ್ಸಿನ ರೀಡ್ ಹಿಡಿಯುವಂಥದ್ದು ಸಿಕ್ಕರೆ ಅದನ್ನೇ ಆರಿಸಿ, ಮಂಗಳೂರಿನ ಸಂಗೀತ ವಾದ್ಯದ ಅಂಗಡಿಗಳಲ್ಲಿ ಕೇಳಿದರೆ ಸಿಗುವ ರೀಡ್ ಅದು. ಝಾಫೂನಿಗೆ ಟೆನರ್, ಅಂದರೆ ಆಲ್ಟೊಗಿಂತ ದೊಡ್ಡ ಸ್ಯಾಕ್ಸಿನ, ರೀಡ್ ಬೇಕು. ಬರೆದಿಲ್ಲದಿದ್ದರೆ ಜೊತೆಗೆ ಬಂದ ರೀಡಿನ ತುದಿಯ ಅಗಲ ಸ್ಕೇಲಿನಲ್ಲಿ ಅಳೆಯಿರಿ. ಸುಮಾರು 13 ಮಿಲಿಮೀಟರ್ ಇದ್ದರೆ ಕ್ಲಾರಿನೆಟ್ಟಿನದ್ದು, 16ರ ಹತ್ತಿರ ಆಲ್ಟೊ, 18ರ ಹತ್ತಿರ ಟೆನರ್.

ಮೂರನೆಯದು, ಬಾಯಿತುಂಡು ಬಿಚ್ಚಲು ಬರಬೇಕು. ಅದನ್ನು ಸ್ವಲ್ಪ ಹೊರಗೆ ಎಳೆದರೆ ಶ್ರುತಿ ಇಳಿಯುತ್ತದೆ, ಒಳಗೆ ತಳ್ಳಿದರೆ ಏರುತ್ತದೆ. ಬಿಚ್ಚಲು ಬರದಿದ್ದರೆ ಶ್ರುತಿ ಸೇರಿಸುವ ಕೆಲಸ ಪೂರ್ತಿ ತುಟಿಯ ಮೇಲೆ ಬೀಳುತ್ತದೆ, ಹೊಸಬರಿಗೆ ಅದು ಕಷ್ಟ. ನಾಲ್ಕನೆಯದು, ಬೆರಳಿನ ಚಾರ್ಟ್ ಜೊತೆಗೆ ಇರಬೇಕು, ಯಾಕೆಂದರೆ ರಂಧ್ರದ ಲೆಕ್ಕ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಬಣ್ಣ, ಚೀಲ, ಕುತ್ತಿಗೆ ಪಟ್ಟಿ ಇವುಗಳಿಗೆ ಜಾಸ್ತಿ ದುಡ್ಡು ಕೊಡಬೇಡಿ. ಆ ದುಡ್ಡು ಉಳಿಸಿ, ರೀಡಿಗೆ ಬೇಕು.

ಚಿಕ್ಕ ಮಕ್ಕಳಿಗೆ ಕೊಡಿಸುವವರು ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ತನಕ ಕಾಯಿರಿ. ಮೇಲಿನ ಹಲ್ಲಿನ ಆಸರೆ ಇಲ್ಲದೆ ಬಾಯಿ ನಿಲ್ಲುವುದಿಲ್ಲ. ಹರ್ನಿಯಾ ಇರುವವರು, ಗ್ಲಾಕೋಮಾ ಇರುವವರು, ಕಣ್ಣಿನ ಆಪರೇಷನ್ ಆಗಿ ಜಾಸ್ತಿ ದಿನ ಆಗದವರು ಡಾಕ್ಟರನ್ನು ಕೇಳಿಯೇ ಊದಬೇಕು.

ಪಾರ್ಸೆಲ್ ಬಂದ ದಿನ

ಊದುವ ಆಸೆ ಎಷ್ಟೇ ಇರಲಿ, ಮೊದಲು ಪರೀಕ್ಷೆ ಮಾಡಿ. ವಾಪಸ್ ಕಳಿಸುವ ಗಡುವು ಮುಗಿದ ಮೇಲೆ ಗೊತ್ತಾದರೆ ಪ್ರಯೋಜನ ಇಲ್ಲ. ರಂಧ್ರದ ಅಂಚಿನಲ್ಲಿ ಬೆರಳು ಆಡಿಸಿ ನೋಡಿ. ಪ್ಲಾಸ್ಟಿಕ್ ಚೂರು ಎದ್ದಿದ್ದರೆ ಗಾಳಿ ಸೋರುತ್ತದೆ. ಬಾಯಿತುಂಡಿನಲ್ಲಿ ರೀಡ್ ಕೂರುವ ಜಾಗ ಮಟ್ಟಸವಾಗಿರಬೇಕು, ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ತುದಿಯಲ್ಲಿ ಚಕ್ಕೆ ಹೋಗಿದ್ದರೆ ಎರಡನೇ ಯೋಚನೆ ಬೇಡ, ವಾಪಸ್ ಕಳಿಸಿ. ಆಮೇಲೆ ರೀಡ್ ತೆಗೆದು, ಎಲ್ಲ ರಂಧ್ರ ಮುಚ್ಚಿ, ಕೆಳಗಿನ ತುದಿಯನ್ನು ಮೊಣಕಾಲಿಗೆ ಒತ್ತಿ ಬಂದ್ ಮಾಡಿ, ಬಾಯಿತುಂಡಿನ ತೂತು ಪೂರ್ತಿ ಬಾಯೊಳಗೆ ಬರುವ ಹಾಗೆ ಇಟ್ಟು ಮೆಲ್ಲ ಊದಿ. ಎಲ್ಲಿಂದಲೂ ಗಾಳಿ ಹೋಗಬಾರದು. ಹೋದರೆ ಬೆರಳು ಸರಿಪಡಿಸಿ ಇನ್ನೊಮ್ಮೆ ನೋಡಿ. ಆಗಲೂ ಹೋದರೆ ಅದು ಕೂಡಿಸಿದ ಜಾಗದ ಸೋರಿಕೆ.

ರೀಡ್, ಎಲ್ಲಕ್ಕಿಂತ ಮುಖ್ಯ

ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಮಿನಿ ಸ್ಯಾಕ್ಸ್ ಕೊಂಡು ಎರಡೇ ವಾರದಲ್ಲಿ ಮೂಲೆಗೆ ಹಾಕುವವರು ಹೆಚ್ಚಿನವರು ಸೋಲುವುದು ವಾದ್ಯದಿಂದಲ್ಲ, ಜೊತೆಗೆ ಬಂದ ಒರಟು ರೀಡಿನಿಂದ. ಇಡೀ ವಾದ್ಯದಲ್ಲಿ ದನಿ ಹುಟ್ಟುವ ಜಾಗ ಅದೊಂದೇ. ಮಿಕ್ಕಿದ್ದೆಲ್ಲ ಆ ದನಿಯನ್ನು ಏರಿಸಿ ಇಳಿಸುವ ಕೊಳವೆ.

ರೀಡ್ ಅಂದರೆ ಅರುಂಡೊ ಡೊನ್ಯಾಕ್ಸ್ ಎಂಬ ಜೊಂಡಿನ ಜಾತಿಯ ಗಿಡದ ಸೀಳು. ಅದರ ಮೇಲೆ 1.5, 2, 2.5, 3 ಅಂತ ನಂಬರ್ ಇರುತ್ತದೆ. ನಂಬರ್ ಜಾಸ್ತಿ ಆದಷ್ಟೂ ಬಿಗಿ, ಊದಲು ಜಾಸ್ತಿ ಬಲ ಬೇಕು. ಶುರು ಮಾಡುವವರು 1.5 ಅಥವಾ 2 ತೆಗೆದುಕೊಳ್ಳಿ. ಕಂಪೆನಿಯಿಂದ ಕಂಪೆನಿಗೆ ನಂಬರಿನ ಬಿಗಿ ಸ್ವಲ್ಪ ಬದಲಾಗುತ್ತದೆ. ವ್ಯಾಂಡೊರೆನ್‌ನ 2, ರಿಕೊದ 2ಕ್ಕಿಂತ ತುಸು ಗಟ್ಟಿ. ನಂಬರ್ ದೊಡ್ಡದಾದರೆ ದನಿ ಚಂದ ಅಂತ ಯಾರಾದರೂ ಹೇಳಿದರೆ ಈಗಲೇ ಕಿವಿ ಕೊಡಬೇಡಿ. ತುಟಿಗೆ ಶಕ್ತಿ ಬಂದ ಮೇಲೆ ಅದು ನೋಡುವ ವಿಷಯ.

ಒಂದೇ ರೀಡ್ ಕೊಳ್ಳಬೇಡಿ, ಮೂರು ಕೊಳ್ಳಿ. ದಿನಕ್ಕೊಂದರಂತೆ ಸರದಿಯಲ್ಲಿ ಬಳಸಿದರೆ ಪ್ರತಿಯೊಂದಕ್ಕೂ ಒಣಗಲು ಸಮಯ ಸಿಗುತ್ತದೆ. ಒಂದು ಕೆಟ್ಟ ರೀಡಿನಿಂದ ವಾದ್ಯವೇ ಕೆಟ್ಟದ್ದು ಅಂತ ಅನ್ನಿಸುವುದೂ ತಪ್ಪುತ್ತದೆ.

ಕಟ್ಟುವ ಕ್ರಮ ಹೀಗೆ. ರೀಡಿನ ತೆಳು ತುದಿಯನ್ನು ಒಂದೆರಡು ನಿಮಿಷ ಬಾಯಲ್ಲಿಟ್ಟು ಇಲ್ಲವೇ ನೀರಿನಲ್ಲಿ ಅದ್ದಿ ಒದ್ದೆ ಮಾಡಿ. ಒಣ ರೀಡ್ ಕಿರುಚುತ್ತದೆ, ಬೇಗ ಸೀಳುತ್ತದೆ. ಚಪ್ಪಟೆ ಬದಿಯನ್ನು ಬಾಯಿತುಂಡಿನ ತೂತಿನ ಕಡೆಗೆ ಮಾಡಿ ಇಡಿ. ರೀಡಿನ ತುದಿ ಬಾಯಿತುಂಡಿನ ತುದಿಗೆ ಸಮ ಇರಬೇಕು, ಒಂದು ಕೂದಲೆಳೆಯಷ್ಟು ಕೆಳಗಿದ್ದರೂ ಅಡ್ಡಿಯಿಲ್ಲ, ಮೇಲೆ ಮಾತ್ರ ಬರಬಾರದು. ಎಡ ಬಲ ಸಮ ಇದೆಯೇ ನೋಡಿ. ಆಮೇಲೆ ಕ್ಲಿಪ್ ಹಾಕಿ ಸ್ಕ್ರೂ ಬಿಗಿ ಮಾಡಿ. ರೀಡ್ ಅಲ್ಲಾಡದಷ್ಟು ಬಿಗಿ ಸಾಕು, ಶಕ್ತಿ ಎಲ್ಲ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ.

ಬಾಯಿ ಇಡುವುದು

ಮೇಲಿನ ಮುಂದಿನ ಹಲ್ಲು ಬಾಯಿತುಂಡಿನ ಮೇಲೆ ನೇರ ಕೂರಬೇಕು. ಕೆಳಗಿನ ತುಟಿಯನ್ನು ಕೆಳಹಲ್ಲಿನ ಮೇಲೆ ಸ್ವಲ್ಪ ಮಡಚಿ, ಅದರ ಮೇಲೆ ರೀಡ್ ಬರಲಿ. ಬಾಯಿಯ ಎರಡು ಮೂಲೆ ಬಿಗಿಯಾಗಿ ಒಳಕ್ಕೆ ಬರಬೇಕು, ಕೆನ್ನೆ ಉಬ್ಬಬಾರದು. ನಾಗಸ್ವರದವರು, ದೇವಸ್ಥಾನದಲ್ಲಿ ಸ್ಯಾಕ್ಸ್ ಊದುವ ಕೆಲವರು ಕೆನ್ನೆ ಉಬ್ಬಿಸುವುದನ್ನು ನೋಡಿದ್ದೀರಿ. ಗಂಟೆಗಟ್ಟಲೆ ನಿಲ್ಲಿಸದೆ ಊದುವ ಅಭ್ಯಾಸ ಇರುವವರು ಅವರು, ಕೆನ್ನೆಯಲ್ಲಿ ಗಾಳಿ ಕೂಡಿಟ್ಟು ಮೂಗಿನಲ್ಲಿ ಉಸಿರು ಎಳೆಯುವ ವಿದ್ಯೆ ಗೊತ್ತಿರುವವರು. ಹೊಸಬರು ಅದನ್ನು ಅನುಕರಿಸಿದರೆ ಸ್ವರ ಒಂದೇ ಕಡೆ ನಿಲ್ಲುವುದಿಲ್ಲ.

ಬಾಯಿತುಂಡು ಎಷ್ಟು ಒಳಗೆ ಹೋಗಬೇಕು? ರೀಡೂ ಬಾಯಿತುಂಡೂ ಬದಿಯಿಂದ ನೋಡಿದರೆ ಒಂದು ಜಾಗದಲ್ಲಿ ಬೇರೆ ಬೇರೆ ಆಗಲು ಶುರುವಾಗುತ್ತವೆ. ಕೆಳತುಟಿ ಅಲ್ಲಿಗೆ ಬರಬೇಕು. ಅದಕ್ಕಿಂತ ಕಡಿಮೆ ಇಟ್ಟರೆ ದನಿ ಸಣ್ಣದಾಗಿ ಕಟ್ಟಿಹೋಗುತ್ತದೆ, ಜಾಸ್ತಿ ಇಟ್ಟರೆ ಕೀಂ ಅಂತ ಕಿರುಚುತ್ತದೆ. ಕನ್ನಡಿ ಎದುರು ನಿಂತು ಮಾಡಿ.

ಮೊದಲು ಬಾಯಿತುಂಡು ಮಾತ್ರ ಬಿಚ್ಚಿಕೊಂಡು ಅದನ್ನೇ ಊದಿ. ಹೊಟ್ಟೆಯಿಂದ ಉಸಿರು ತುಂಬಿ, "ತೂ" ಅಂತ ನಾಲಿಗೆಯ ತುದಿಯಿಂದ ರೀಡನ್ನು ಮುಟ್ಟಿ ಬಿಡಿ. ಒಂದೇ ಸಮನೆ, ನಡುಗದೆ ಒಂದು ದನಿ ಬಂತು ಅಂದರೆ ದೊಡ್ಡ ಕೆಲಸ ಮುಗಿಯಿತು. ಬರದಿದ್ದರೆ ತುಟಿಯ ಬಿಗಿ ಒಂಚೂರು ಕಮ್ಮಿ ಮಾಡಿ ನೋಡಿ. ಹೊಸಬರು ಸುಮ್ನೆ ಕಚ್ಚಿ ಹಿಡಿಯುತ್ತಾರೆ, ಕಚ್ಚಿದರೆ ರೀಡ್ ಅಲುಗಲು ಜಾಗ ಇಲ್ಲದೆ ದನಿ ನಿಂತೇ ಹೋಗುತ್ತದೆ. ತಲೆ ತಿರುಗಿದ ಹಾಗೆ ಆದರೆ ನಿಲ್ಲಿಸಿ ಕುಳಿತುಕೊಳ್ಳಿ. ಮೊದಲ ದಿನಗಳಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಕೆಳತುಟಿಯ ಒಳಗೆ ನೋವು ಬಂದರೆ ಆ ದಿನಕ್ಕೆ ಸಾಕು.

ಬೆರಳು

ಎಡಗೈ ಮೇಲೆ, ಬಲಗೈ ಕೆಳಗೆ. ಎಡಗೈ ಹೆಬ್ಬೆರಳು ಹಿಂದಿನ ರಂಧ್ರಕ್ಕೆ. ಬೆರಳ ತುದಿಯಿಂದಲ್ಲ, ತುದಿಯ ಕೆಳಗಿನ ಮೆತ್ತಗಿನ ಭಾಗದಿಂದ ಮುಚ್ಚಿ. ಬೆರಳು ತೆಗೆದು ನೋಡಿದರೆ ಅದರ ಮೇಲೆ ರಂಧ್ರದ ಪೂರ್ತಿ ವೃತ್ತ ಮೂಡಿರಬೇಕು. ಅರ್ಧ ಮೂಡಿದ್ದರೆ ಅಲ್ಲಿಯೇ ಸೋರುತ್ತಿದೆ.

ಎಲ್ಲ ಮುಚ್ಚಿ ತಗ್ಗಿನ ಸ ಊದುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ, ಅದು ಕೊನೆಗೆ. ಹೆಬ್ಬೆರಳು ಮತ್ತು ಮೇಲಿನ ಒಂದು ಬೆರಳು ಮುಚ್ಚಿ ಶುರು ಮಾಡಿ, ಆ ಸ್ವರ ಗಟ್ಟಿಯಾಗಿ ನಿಂತ ಮೇಲೆ ಎರಡನೇ ಬೆರಳು, ಆಮೇಲೆ ಮೂರನೆಯದು. ಕೆಳಗೆ ಇಳಿದಷ್ಟೂ ಮುಚ್ಚುವ ರಂಧ್ರ ಜಾಸ್ತಿ, ಒಂದು ಸೋರಿದರೂ ದನಿ ಕಿರುಚುತ್ತದೆ. ಕಿರುಚಿದ ಕೂಡಲೇ ಜೋರಾಗಿ ಊದಬೇಡಿ. ತಗ್ಗಿನ ಸ್ವರಕ್ಕೆ ಬಾಯಿ ಸಡಿಲ ಇರಬೇಕು, ಉಸಿರು ಬೆಚ್ಚಗೆ ನಿಧಾನಕ್ಕೆ ಹೋಗಬೇಕು.

ಕೊಳಲು ಕಲಿತವರಿಗೆ ಇಲ್ಲಿ ಒಳ್ಳೆಯ ಲಾಭ ಇದೆ. ತೆರೆದ ರಂಧ್ರ ಆದ್ದರಿಂದ ಬೆರಳನ್ನು ಮೆಲ್ಲ ಜಾರಿಸಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಬಹುದು, ಅಂದರೆ ಗಮಕ ಬೆರಳಲ್ಲೇ ಸಿಗುತ್ತದೆ. ದೊಡ್ಡ ಸ್ಯಾಕ್ಸಿನಲ್ಲಿ ಕೀ ಒಂದೋ ಮುಚ್ಚುತ್ತದೆ ಒಂದೋ ತೆರೆಯುತ್ತದೆ, ಜಾರುವುದನ್ನು ತುಟಿ, ಗಂಟಲು, ಉಸಿರಿನಿಂದ ತರಬೇಕು. ಕದ್ರಿಯವರು ತಮ್ಮ ವಾದ್ಯದ ಕೀಗಳಲ್ಲಿ ಬದಲಾವಣೆ ಮಾಡಿಕೊಂಡದ್ದು ಕರ್ನಾಟಕ ಸಂಗೀತದ ಇಂಥ ಅಗತ್ಯಗಳಿಗೇ.

ಶ್ರುತಿ ಇಟ್ಟು ಮೊದಲ ರಾಗ

ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಬಿಳಿ ಒಂದಕ್ಕೆ ಇಡಿ. ಟ್ಯೂನರ್ ಆ್ಯಪ್ ಇದ್ದರೆ ಅದನ್ನೂ ನೋಡಿ, ಆದರೆ ಕಣ್ಣಿಗಿಂತ ಕಿವಿ ನಂಬುವ ಅಭ್ಯಾಸ ಮೊದಲಿಂದಲೇ ಇರಲಿ. ತಣ್ಣಗಿರುವ ವಾದ್ಯದ ಶ್ರುತಿ ಸ್ವಲ್ಪ ಇಳಿದಿರುತ್ತದೆ, ಐದು ನಿಮಿಷ ಊದಿ ಬೆಚ್ಚಗಾದ ಮೇಲೆ ಬಾಯಿತುಂಡು ಎಳೆದು ತಳ್ಳಿ ಹೊಂದಿಸಿ. ಎಲ್ಲ ಸ್ವರವೂ ಏರಿದ ಹಾಗೆ ಕೇಳಿದರೆ ಕಚ್ಚಿ ಹಿಡಿದಿದ್ದೀರಿ ಅಂತ ಅರ್ಥ. ಎಲ್ಲವೂ ಇಳಿದಿದ್ದರೆ ಬಾಯಿ ತೀರಾ ಸಡಿಲ, ಇಲ್ಲವೇ ರೀಡ್ ಮೆತ್ತಗಾಗಿದೆ. ಕಡಿಮೆ ಬೆಲೆಯ ವಾದ್ಯದಲ್ಲಿ ಒಂದೆರಡು ಸ್ವರ ಹುಟ್ಟಿನಿಂದಲೇ ಆಚೀಚೆ ಇರುತ್ತವೆ. ಅವುಗಳನ್ನು ಗುರುತಿಸಿಕೊಂಡು ತುಟಿಯಿಂದ ಸರಿ ಮಾಡಬೇಕು.

ಸಂಗೀತ ಪಾಠಕ್ಕೆ ಹೋದವರು ಎಲ್ಲರೂ ಮಾಯಾಮಾಳವಗೌಳ ರಾಗದಲ್ಲಿ ಸರಳಿ ವರಸೆ, ಅಂದರೆ ಮೊದಲ ಸ್ವರಪಾಠ, ಶುರು ಮಾಡಿದವರೇ. ಹಾಡಲು, ವೀಣೆಗೆ, ವಯಲಿನ್ನಿಗೆ ಅದು ಸರಿ. ಈ ವಾದ್ಯದಲ್ಲಿ ಮಾತ್ರ ಅದನ್ನು ಮೊದಲಿಗೆ ಹಿಡಿಯಬೇಡಿ ಅಂತ ನಾನು ಹೇಳುವವನು. ಬಿಳಿ ಒಂದರಲ್ಲಿ ಅದರ ಶುದ್ಧ ರಿಷಭ ಕಪ್ಪು ಒಂದು, ಶುದ್ಧ ಧೈವತ ಕಪ್ಪು ನಾಲ್ಕು. ಎರಡೂ ಅರ್ಧ ರಂಧ್ರದ ಅಥವಾ ಅಡ್ಡ ಬೆರಳಿನ (ನಡುವೆ ಒಂದು ರಂಧ್ರ ತೆರೆದು ಅದರ ಕೆಳಗಿನದ್ದು ಮುಚ್ಚುವ) ಸ್ವರಗಳು. ಬಾಯಿಯೇ ಇನ್ನೂ ನಿಲ್ಲದವರು ಎರಡೂ ತೊಂದರೆಯನ್ನು ಒಟ್ಟಿಗೆ ತಲೆಗೆ ಹಾಕಿಕೊಳ್ಳಬಾರದು.

ಬದಲಿಗೆ ಮೋಹನ ತೆಗೆದುಕೊಳ್ಳಿ: ಸ ರಿ ಗ ಪ ಧ ಸ. ಬಿಳಿ ಒಂದರಲ್ಲಿ ಇದರ ಎಲ್ಲ ಸ್ವರವೂ ಬಿಳಿ ಮನೆಗಳು, ನೇರ ಬೆರಳಿಗೆ ಬರುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಬಿಳಿ ನಾಲ್ಕು, ಅಂದರೆ ಮಧ್ಯಮ, ಬೇರೆ ತರಹದ ಬೆರಳು ಕೇಳುತ್ತದೆ, ಮೋಹನದಲ್ಲಿ ಅದೂ ಬೇಕಾಗುವುದಿಲ್ಲ. ಒಂದೊಂದು ಸ್ವರವನ್ನು ಉಸಿರು ಮುಗಿಯುವ ತನಕ ನಿಲ್ಲಿಸಿ. ಆಮೇಲೆ ಎರಡೆರಡು ಸ್ವರ ಜೋಡಿಸಿ: ಸರಿ, ರಿಗ, ಗಪ, ಪಧ. ಮೊದಲು ಪ್ರತಿ ಸ್ವರಕ್ಕೂ "ತೂ" ಹೇಳಿ, ಆಮೇಲೆ ಒಂದೇ ಉಸಿರಿನಲ್ಲಿ ನಾಲಿಗೆ ಮುಟ್ಟಿಸದೆ. ಗ ಪ ಹೋಗುವಾಗ ನಡುವೆ ಬೇರೆ ಸ್ವರ ಇಣುಕಿದರೆ ಬೆರಳುಗಳು ಒಟ್ಟಿಗೆ ಏಳುತ್ತಿಲ್ಲ ಅಂತ ಲೆಕ್ಕ. ಇಷ್ಟು ಬಂದ ಮೇಲೆ ಮಧ್ಯಮ, ನಿಷಾದ ಸೇರಿಸಿದರೆ ಶಂಕರಾಭರಣ ಆಯಿತು. ಮಾಯಾಮಾಳವಗೌಳ ಆಮೇಲೆ.

ಇನ್ನೊಂದು ಉಪಾಯ. ಬಿಳಿ ಒಂದೇ ಸ ಆದರೆ ಅದರ ಕೆಳಗೆ ಸ್ವರವೇ ಇಲ್ಲ, ಮಂದ್ರದ ಪ ಧ ಬೇಕಾದ ಹಾಡು ನುಡಿಸಲು ಆಗುವುದಿಲ್ಲ. ಆಗ ತಂಬೂರಿಯನ್ನು ಬಿಳಿ ನಾಲ್ಕಕ್ಕೆ ಇಟ್ಟು ಅದನ್ನೇ ಸ ಮಾಡಿಕೊಳ್ಳಿ. ವಾದ್ಯದ ಅತಿ ತಗ್ಗಿನ ಸ್ವರ ಈಗ ಮಂದ್ರ ಪಂಚಮ. ಮೋಹನದ ಸ್ವರಗಳು ಇಲ್ಲೂ ಎಲ್ಲ ಬಿಳಿ ಮನೆಗಳೇ. ಭಜನೆ, ದೇವರನಾಮಗಳಲ್ಲಿ ಹೆಚ್ಚಿನವು ಈ ಪಂಚಮದಿಂದ ಪಂಚಮದ ಒಳಗೆ ಮುಗಿಯುತ್ತವೆ. ಹಾಗಾಗಿ ಭಜನಾ ಮಂದಿರದಲ್ಲಿ ಬಾಲ್ಯದಿಂದ ಹಾಡಿ ಬಾಯಿಪಾಠ ಇರುವ ಒಂದು ಹಾಡನ್ನು ಆರಿಸಿ. ಮೊದಲು ಸ್ವರ ಹಾಡಿ, ಆಮೇಲೆ ಊದಿ. ಹಾಡಲು ಬಂದದ್ದನ್ನು ಬೆರಳು ಬೇಗ ಹುಡುಕಿಕೊಳ್ಳುತ್ತದೆ.

ದನಿ ಸಣ್ಣದು ಅಂತ ಭಾವಿಸಬೇಡಿ, ಸಾಕಷ್ಟು ದೊಡ್ಡದೇ. ತೋಟದ ಮಧ್ಯೆ ಮನೆ ಇರುವವರಿಗೆ ಚಿಂತೆ ಇಲ್ಲ. ಕಾಸರಗೋಡು ಪೇಟೆಯ ಫ್ಲಾಟಿನವರು ಹೊತ್ತು ನೋಡಿ ಊದಿ, ಮಕ್ಕಳ ಪರೀಕ್ಷೆ ಸಮಯದಲ್ಲಿ ನೆರೆಮನೆಯವರನ್ನು ಒಂದು ಮಾತು ಕೇಳಿ.

ಮಳೆಗಾಲ, ಶುಚಿ

ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನಿನಿಂದ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ, ಒದ್ದೆ ರೀಡಿಗೆ ಬರದೇ ಇರುತ್ತದಾ? ಊದಿ ಆದ ಮೇಲೆ ರೀಡನ್ನು ವಾದ್ಯದಲ್ಲೇ ಬಿಡಬೇಡಿ. ಬಿಚ್ಚಿ, ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ದಪ್ಪ ಕಡೆಯಿಂದ ತೆಳು ಕಡೆಗೆ ಒರೆಸಿ, ಗಾಜಿನಂಥ ಮಟ್ಟಸ ಜಾಗದಲ್ಲಿ ಗಾಳಿಗೆ ಒಣಗಿಸಿ. ಬಿಸಿಲಿಗೆ ಇಟ್ಟರೆ ಬಾಗುತ್ತದೆ. ಒಣಗಿದ ಮೇಲೆ ಡಬ್ಬಿಗೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್‌ನ ಒಂದು ಪೊಟ್ಟಣ. ಕಪ್ಪು ಚುಕ್ಕೆ ಬಂದ ರೀಡನ್ನು ಎಸೆಯಿರಿ, ಉಸಿರಿನ ಜೊತೆ ಬೂಷ್ಟು ಒಳಗೆ ಹೋಗುವುದು ಒಳ್ಳೆಯದಲ್ಲ. ಮಳೆಗಾಲಕ್ಕೆ ಒಂದು ಸಿಂಥೆಟಿಕ್ ರೀಡ್ ಇಟ್ಟುಕೊಳ್ಳುವುದು ಉತ್ತಮ, ಒಂದಕ್ಕೆ ಬೆಲೆ ಜಾಸ್ತಿ, ಆದರೆ ಒದ್ದೆ ಮಾಡುವುದು, ಒಣಗಿಸುವುದು ಯಾವುದೂ ಬೇಡ.

ಕೊಳವೆಯೊಳಗೆ ಹಳೆ ಬೈರಾಸಿನ ತುಂಡನ್ನು ದಾರಕ್ಕೆ ಕಟ್ಟಿ ಎಳೆದರೆ ಸಾಕು. ಬಾಯಿತುಂಡನ್ನು ವಾರಕ್ಕೊಮ್ಮೆ ತಣ್ಣೀರಿನಲ್ಲಿ ಸಾಬೂನು ಹಾಕಿ ತೊಳೆಯಿರಿ. ಬಿಸಿನೀರು ಬೇಡ, ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾದರೆ ಮತ್ತೆ ಸರಿಯಾಗುವುದಿಲ್ಲ. ಊಟ ಆದ ಕೂಡಲೇ, ಎಲೆಅಡಿಕೆ ಹಾಕಿದ ಬಾಯಲ್ಲಿ ಊದಬೇಡಿ. ಬಾಯಿ ಮುಕ್ಕಳಿಸಿ ಬನ್ನಿ.

ದೊಡ್ಡ ಸ್ಯಾಕ್ಸಿಗೆ ಯಾವಾಗ?

ಒಂದು ಸ್ವರವನ್ನು ನಡುಗದೆ ನಿಲ್ಲಿಸಲು ಬಂದು, ಮೋಹನದಲ್ಲಿ ಒಂದು ಗೀತೆ ಶ್ರುತಿ ಬಿಡದೆ ಬಂದು, ಅಭ್ಯಾಸಕ್ಕೆ ಯಾರೂ ಒತ್ತಾಯ ಮಾಡದೆ ನೀವೇ ಕುಳಿತುಕೊಳ್ಳುತ್ತೀರಿ ಅಂದರೆ ಮುಂದಿನ ಯೋಚನೆ ಮಾಡಬಹುದು. ಇಲ್ಲಿಂದ ಅಲ್ಲಿಗೆ ಬರುವುದು ರೀಡಿನ ಜ್ಞಾನ, ತುಟಿ, ನಾಲಿಗೆ, ಉಸಿರು. ಬೆರಳು ಬರುವುದಿಲ್ಲ. ಆಲ್ಟೊದಲ್ಲಿ 20ಕ್ಕೂ ಜಾಸ್ತಿ ಕೀ, ತೂಕ ಎರಡೂವರೆ ಕಿಲೋ ಆಸುಪಾಸು, ಶ್ರುತಿಯೂ ಬೇರೆ. ಅದರಲ್ಲಿ ಸಿ ಬೆರಳು ಹಿಡಿದರೆ ಹಾರ್ಮೋನಿಯಂನ ಕಪ್ಪು ಎರಡು ಕೇಳುತ್ತದೆ.

ಕೊಳ್ಳುವ ಮೊದಲು ಊದುವವರೊಬ್ಬರನ್ನು ಕಾಣಿ. ನಮ್ಮ ಕಡೆ ಅದಕ್ಕೆ ಕಷ್ಟ ಇಲ್ಲ. ಉತ್ಸವದಲ್ಲಿ ಊದುವ ವಾದ್ಯದವರಲ್ಲಿ ಕಲಿಸುವವರೂ ಇದ್ದಾರೆ. ಊದುತ್ತಿರುವಾಗ ಹೋಗಬೇಡಿ, ದೇವರ ಬಲಿ ಉತ್ಸವ ಮುಗಿದು ಅವರು ಚಹಾಕ್ಕೆ ಕುಳಿತ ಹೊತ್ತಿಗೆ ಹತ್ತಿರ ಹೋಗಿ, "ಅಣ್ಣಾ, ಸಣ್ಣದರಲ್ಲಿ ಅಭ್ಯಾಸ ಮಾಡುತ್ತಾ ಇದ್ದೇನೆ, ನಿಮ್ಮಲ್ಲಿಗೆ ಒಮ್ಮೆ ಬಂದು ಊದಿ ತೋರಿಸಬಹುದಾ?" ಅಂತ ಕೇಳಿ. ಮಿನಿ ಸ್ಯಾಕ್ಸನ್ನು ಕಂಡು ಹಗುರ ಮಾಡುವವರಿಗಿಂತ ಕುತೂಹಲದಿಂದ ತಾವೇ ಊದಿ ನೋಡುವವರು ಜಾಸ್ತಿ. ಅವರು ತಮ್ಮ ಆಲ್ಟೊ ಕೊಟ್ಟು "ಊದಿ ನೋಡು" ಅನ್ನುವ ಸಂಭವವೂ ಇದೆ. ಅವರ ರೀಡಿಗೆ ಬಾಯಿ ಹಾಕಬಾರದು, ಆದ್ದರಿಂದ ಹೋಗುವಾಗ ನಿಮ್ಮದೇ ಹೊಸ ಆಲ್ಟೊ ರೀಡ್ ಒಂದು, 2 ನಂಬರಿನದ್ದು, ಜೇಬಿನಲ್ಲಿ ಇಟ್ಟುಕೊಂಡು ಹೋಗಿ.